ಕಾಯದ ಹಂಡೆ

ಹಂಡೆಯ ಒಲೆಗೆ ಇನ್ನೊಂದು ತೆಂಗಿನ ಮಟ್ಟೆ ತುರುಕಿ ನೀರಿಗೆ ಕೈ ಅದ್ದಿದೆ. ಉರಿ ಬುಸುಗುಡುತ್ತಿತ್ತು, ನೀರು ಆಗ ತಾನೇ ಬಾವಿಯಿಂದ ಸೇದಿದಷ್ಟು ತಣ್ಣಗಿತ್ತು. ಬೆಳಿಗ್ಗೆ ಗಂಡಸರ ಸ್ನಾನಕ್ಕೆ ಇದೇ ಹಂಡೆ ಕೊತಕೊತ ಕುದಿದಿತ್ತು. ಬಾಣಂತಿ ಮಗಳಿಗೆಂದು ತುಂಬಿದಾಗಲೆಲ್ಲ ಹೀಗೆ. ಒಳಗೆ ಅವಳು ಚಳಿಗೆ ನಡುಗುತ್ತಿದ್ದಳು.

ಸಾಲಿಗ್ರಾಮದಿಂದ ಕರೆಸಿದ ಕಂಚುಗಾರ ಮಸಿ ಕೆರೆದು, ತಳ ತಟ್ಟಿ ನೋಡಿದ. "ತೂತಿಲ್ಲ, ಬಿರುಕಿಲ್ಲ ಕಣವ್ವ. ಸೌದೆ ಹಸಿ ಇರ್ಬೇಕು."

"ಸೌದೆಯಲ್ಲ ಕಣಪ್ಪ, ಉರಿ ಹಾಕೋಳೇ ಹಸಿ," ಎಂದರು ಅತ್ತೆ.

ಬಾಣಂತಿಗೆ ನೀರೆರೆಯಲು ಬಂದಿದ್ದ ಮುದುಕಿ ಚಿಕ್ಕಸಿದ್ದಮ್ಮ ನಗಲಿಲ್ಲ. "ಶಿವನಂಜವ್ವನ ಎಣಕ್ಕೆ ಎಲ್ಲಿ ನೀರು ಕಾಯ್ಸಿದ್ರಿ ಅವ್ವಾರೇ?"

ಶಿವನಂಜಮ್ಮ ನನ್ನ ಓರಗಿತ್ತಿ. ಐವತ್ತಮೂರರ ಮಳೆಗಾಲದಲ್ಲಿ, ಬಾಣಂತನದಲ್ಲೇ ಶೀತ ಏರಿ ಹೋದವಳು. ಹೆಣದ ನೀರನ್ನು ಅಂಗಳದಲ್ಲಿ, ಹೊಸ ಮಡಕೆಯಲ್ಲಿ ಕಾಯಿಸಬೇಕು.

"ಮಳೆ ಸುರೀತಿತ್ತು ಕಣೇ. ಈ ಹಂಡೇಲೇ ಕಾಯ್ಸಿದ್ವಿ," ಎಂದು ಅತ್ತೆ ಮುಖ ತಿರುಗಿಸಿದರು.

ಎಲ್ಲರೂ ಹೊರಗೆ ಹೋದ ಮೇಲೆ ಒಂದು ಚೆಂಬು ನೀರನ್ನು ಬಚ್ಚಲ ಕಲ್ಲಿನ ಮೇಲೆ ಸುರಿದು, "ಅಕ್ಕಾ, ಮೊದಲು ನೀನು," ಎಂದೆ. ಸುರಿದದ್ದು ತಣ್ಣೀರು. ಕಲ್ಲಿನಿಂದ ಹಬೆ ಎದ್ದಿತು, ಜೊತೆಗೆ ಸೀಗೆಯ ವಾಸನೆ. ಬೆನ್ನ ಹಿಂದೆ ಹಂಡೆ ಗುಂಯ್ ಎನ್ನತೊಡಗಿತು.

ಇನ್ನು ದಿನವೂ ಮೊದಲ ಚೆಂಬು ಅವಳದು ಎಂದುಕೊಂಡೆ. ಯಾರಿಗೂ ಹೇಳದೆ, ಮಗಳನ್ನು ಸ್ನಾನಕ್ಕೆ ಕರೆದೆ.