ಬಾರ್‌ಕೋಡಿನ ಕೆಳಗಿನ ಬೆಕ್ಕು

"ಟ್ಯೂಬ್ ಅದಲುಬದಲಾಗಿದೆ. ನಿಮ್ಮ ಕೈಯಲ್ಲೇ," ಎಂದಳು ರಕ್ತಪರೀಕ್ಷೆಯ ಲ್ಯಾಬಿನವಳು.

ಮಕ್ಕಳ ವಾರ್ಡಿನ ನರ್ಸ್ ಬಾಗಿಲಲ್ಲೇ ನಿಂತ. ಎರಡು ಪಾಳಿ ಸೇರಿಸಿ ದುಡಿದ ಆಯಾಸ ಅವನ ಕಣ್ಣ ಕೆಳಗೆ ಕಪ್ಪಗೆ ಕೂತಿತ್ತು. ಆ ಕಣ್ಣುಗಳನ್ನು ನೋಡಿದರೆ ಬೈಯಲು ಬಾಯಿ ಬರುವುದಿಲ್ಲವೆಂದು ಅವಳು ಪರದೆಯತ್ತ ತಿರುಗಿದಳು.

"ಕಿಟಕಿ ಪಕ್ಕದ ಮಂಚದ ಪುಟ್ಟಿಗಿರೋದು ಬಿ ಅನ್ನೋ ಬಿಳಿ ರಕ್ತಕಣಗಳ ಕ್ಯಾನ್ಸರ್, ಲ್ಯುಕೇಮಿಯಾ. ಈ ಟ್ಯೂಬಲ್ಲಿರೋ ರೋಗದ ಕಣಗಳೆಲ್ಲ ಮೊನೊಸೈಟ್ ಅನ್ನೋ ಬೇರೆಯೇ ಜಾತಿಯ ಬಿಳಿ ಕಣಗಳು. ಇದು ಬೇರೆ ಯಾವುದೋ ಮಗುವಿನ ರಕ್ತ."

"ಅನುಮಾನ ಮೇಡಂ..." ವಾರ್ಡಿನವರು ಅವಳಿಗಿಟ್ಟ ಹೆಸರು. ಅವನ ಬಾಯಲ್ಲಿ ಮಾತ್ರ ಅದು ಚುಚ್ಚುತ್ತಿರಲಿಲ್ಲ. "ನಿಮ್ಮ ಬಾರ್‌ಕೋಡ್ ಸ್ಟಿಕ್ಕರ್ ಕಿತ್ತು ನೋಡಿ."

ಟ್ಯೂಬಿನ ಮೇಲಿನ ಸ್ಟಿಕ್ಕರನ್ನು ಅವಳು ಉಗುರಿನಿಂದ ಕೆರೆದಳು. ಅಡಿಯಲ್ಲಿ ವಾರ್ಡಿನ ಲೇಬಲ್. ಅದರ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದ ಪುಟ್ಟ ಬೆಕ್ಕು, ಸೊಟ್ಟ ಮೀಸೆ.

"ಸೂಜಿ ಚುಚ್ಚಿಸಿಕೊಳ್ಳೋಕೆ ಪುಟ್ಟಿ ಕೇಳೋ ಲಂಚ. ಪ್ರತಿ ಟ್ಯೂಬಿನ ಮೇಲೂ ಒಂದು ಬೆಕ್ಕು ಬರೀಬೇಕು."

ಮೂರು ತಿಂಗಳಿಂದ ಲ್ಯಾಬಿನವಳು ಆ ಬೆಕ್ಕುಗಳ ಮೇಲೆಯೇ ಸ್ಟಿಕ್ಕರ್ ಅಂಟಿಸುತ್ತ ಬಂದಿದ್ದಳು.

ಅಂದರೆ ರಕ್ತ ಪುಟ್ಟಿಯದೇ. ಅವಳಿಗೆ ಕೊಡುತ್ತಿದ್ದ ಹೊಸ ಔಷಧಿ ಬಿ ಕಣದ ಮೈಮೇಲಿನ ಗುರುತು ಹಿಡಿದು ಬೇಟೆಯಾಡುತ್ತಿತ್ತು. ಅದರಿಂದ ತಪ್ಪಿಸಿಕೊಂಡ ರೋಗದ ಕಣಗಳು ಗುರುತನ್ನಷ್ಟೇ ಅಲ್ಲ, ಬಿ ಕುಲವನ್ನೇ ಬಿಟ್ಟು ಮೊನೊಸೈಟ್ ಕುಲ ಸೇರಿದ್ದವು. ಅಪರೂಪಕ್ಕೆ ಹೀಗಾಗುತ್ತದೆಂದು ಅವಳು ಓದಿದ್ದಳು. ಕಂಡದ್ದು ಇದೇ ಮೊದಲು.

ಡಾಕ್ಟರಿಗೆ ಫೋನ್ ಮಾಡಿದಳು. ಇವತ್ತಿನ ಡೋಸ್ ನಿಂತಿತು. ಖಚಿತಪಡಿಸಿಕೊಳ್ಳಲು ಇನ್ನೊಂದು ಸ್ಯಾಂಪಲ್ ಬೇಕಂತೆ, ಆಮೇಲೆ ಚಿಕಿತ್ಸೆಯ ದಾರಿಯೇ ಬೇರೆಯಂತೆ.

"ತಪ್ಪು ನನ್ನದೇ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು," ಎಂದ ಅವನು, ಗೋಡೆಗೊರಗಿ.

ಅವಳು ಕಿತ್ತ ಸ್ಟಿಕ್ಕರನ್ನು ಮಡಿಸಿದಳು. "ಬೈದಿದ್ದಕ್ಕೆ ಬೇಜಾರಾಯ್ತಾ?"

"ಬೈಯೋವಾಗಲೂ ನನ್ನ ಕಡೆ ನೋಡಲ್ವಲ್ಲ, ಅದಕ್ಕೆ ಬೇಜಾರು."

ಈಗ ನೋಡಿದಳು. "ಟ್ಯೂಬ್ ತರೋಕೆ ಆಯಾ ಇದ್ದಾರಲ್ಲ? ನಾಲ್ಕು ಮಹಡಿ ಇಳಿದು ನೀವೇ ಯಾಕೆ ಬರ್ತೀರಿ?"

"ಎಲ್ಲದರ ಮೇಲೂ ಅನುಮಾನ ಪಡೋರಿಗೆ ಇದೊಂದರ ಮೇಲೆ ಅನುಮಾನ ಬರಲೇ ಇಲ್ವಾ?"

"ಬಂದಿತ್ತು," ಎಂದಳು. "ಸುಳ್ಳಾದ್ರೆ ಅಂತ ಹೆದರಿ ಪರೀಕ್ಷೆ ಮಾಡಿರಲಿಲ್ಲ."

ನಗಲು ಇಬ್ಬರಲ್ಲೂ ತ್ರಾಣವಿರಲಿಲ್ಲ. ಅವನ ಕಣ್ಣು ಮಾತ್ರ ಒಂದಿಷ್ಟು ನಕ್ಕಿತು.

ಅವಳು ಹೊಸ ಟ್ಯೂಬ್ ಒಂದನ್ನು ತೆಗೆದುಕೊಂಡು ಎದ್ದಳು. "ನಡೀರಿ, ನಾನೂ ಮೇಲೆ ಬರ್ತೀನಿ. ಈ ಸಲ ಸ್ಟಿಕ್ಕರನ್ನ ಬೆಕ್ಕಿನ ಪಕ್ಕದಲ್ಲಿ ಅಂಟಿಸ್ತೀನಿ."