ಮೂವತ್ತೊಂದು ಫೋಟೋ, ಒಂದು ಬಟನ್

ಟ್ರ್ಯಾಕ್ಟರ್ ಮತ್ತೆ ಹತ್ತಿರ ಬಂತು.

ನಾನು ಬಸ್ಸಿನ ಕೊನೇ ಸೀಟಿನಲ್ಲಿ ಬಗ್ಗಿ ಕೂತಿದ್ದೆ. ಮಡಿಲಲ್ಲಿ ಲ್ಯಾಪ್‌ಟಾಪ್. ಹಿಂದಿನ ಗಾಜಿನಲ್ಲಿ ಲಕ್ಕಪ್ಪನ ಮೀಸೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಸೀಟಿನ ಪಕ್ಕದಲ್ಲಿ ಎಳನೀರು ಕೊಚ್ಚುವ ಮಚ್ಚು.

ಟ್ರ್ಯಾಕ್ಟರಿನಿಂದ ತಪ್ಪಿಸಿಕೊಳ್ಳೋದು ಏನು ಮಹಾ ಅಂತೀರಾ? ಹಳೇಬೀಡಿನಿಂದ ಮಾದಿಹಳ್ಳಿಗೆ ಹೋಗುವ ಬಸ್ಸು ನೀವು ಹತ್ತಿಲ್ಲ. ಕೈ ತೋರಿಸಿದವರಿಗೆಲ್ಲ ನಿಲ್ಲುತ್ತದೆ. ಹಾಲಿನ ಕ್ಯಾನಿಗೂ ನಿಲ್ಲುತ್ತದೆ. ನಾಲ್ಕು ಸಲ ಅವನನ್ನು ಹಿಂದೆ ಹಾಕಿದೆವು... ನಾಲ್ಕು ಸಲವೂ ಬಂದು ಬಾಲಕ್ಕೆ ಅಂಟಿಕೊಂಡ.

ಫೋನ್ ಬಡಕೊಂಡಿತು.

"ಏನಮ್ಮಾ, ನನ್ನ ಫೋಟೋ ಎಲ್ಲಿ?"

"ಪೇಜಿಂದ ತೆಗೆದು ಹಾಕಿದ್ದೀನಿ, ಲಕ್ಕಣ್ಣ."

"ಯಾರನ್ನ ಕೇಳಿ ತೆಗ್ದೆ?"

"ಯಾರನ್ನೂ ಕೇಳಿಲ್ಲ."

"ಮುಂದಿನ ಸ್ಟಾಪಲ್ಲಿ ಇಳಿ. ಮಾತಾಡಾನ."

"ಗಾಡಿ ಓಡಿಸ್ತಾ ಫೋನ್ ಮಾಡಬೇಡಿ," ಅಂತ ಕಟ್ ಮಾಡಿದೆ.

ನನ್ನ ಹೆಸರು ಇಂದು. ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರು, ಝೆರಾಕ್ಸ್ ಅಂಗಡಿ ಮೇಲಿನ ರೂಮು. ಬೋರ್ಡ್ ಇಲ್ಲ. ಲಿಂಕ್ ಒತ್ತಿದಾಗ ಜನ ಮೊದಲು ಬಂದು ಇಳಿಯುವ ಪೇಜಿಗೆ ಲ್ಯಾಂಡಿಂಗ್ ಪೇಜ್ ಅಂತಾರೆ. ಬರ್ತಾರೆ, ನೋಡ್ತಾರೆ, ಕೊಳ್ಳದೆ ಹೋಗ್ತಾರೆ ಅಂತ ಅಳುವವರು ನನ್ನ ಹತ್ತಿರ ಬರುತ್ತಾರೆ. ನಾನು ಪೇಜು ಬಿಚ್ಚಿ ಮತ್ತೆ ಜೋಡಿಸುತ್ತೇನೆ. ಅಲ್ಲಿಯ ತನಕ ಯಾರೂ ಮಚ್ಚು ಇಟ್ಟುಕೊಂಡು ಹಿಂದೆ ಬಿದ್ದಿರಲಿಲ್ಲ.

ಕೇಸು ಬಂದದ್ದು ಗುರುವಾರ. ಮಾದಿಹಳ್ಳಿಯ ರುಕ್ಮಿಣಮ್ಮ. ಅವರೂ ಇನ್ನು ಮೂವರು ಹೆಂಗಸರೂ ಸೇರಿ ಒಂದು ಶೆಡ್ಡಿನಲ್ಲಿ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾರೆ. ಶೆಡ್ಡು ಲಕ್ಕಪ್ಪನದು. ಲಕ್ಕಪ್ಪ ರುಕ್ಮಿಣಮ್ಮನ ಗಂಡನ ಅಣ್ಣ.

"ಶನಿವಾರ ಐದು ಗಂಟೆ ಒಳಗೆ ಐವತ್ತು ಆರ್ಡರ್ ಬಂದ್ರೆ ಶೆಡ್ ನಿಮ್ದೇ, ಇಲ್ದಿದ್ರೆ ಟ್ರ್ಯಾಕ್ಟರ್ ನಿಲ್ಲಿಸ್ಕತೀನಿ ಅಂತ ಭಾವ ಊರವರ ಮುಂದೆ ಅಂದವ್ರೆ ಕಣಮ್ಮ. ನಮ್ಮ ಕಡೆಯೋರು ಕೊಂಡ್ರೆ ಲೆಕ್ಕಕ್ಕಿಲ್ವಂತೆ."

"ಇಲ್ಲೀತನಕ ಎಷ್ಟು ಬಂದಿದೆ?"

"ಎರಡು. ಒಂದು ನಂದೇ."

"ಅಂದ್ರೆ ಒಂದು."

ಅವರ ಪೇಜು ತೆರೆದೆ.

ಫ್ಲೆಕ್ಸ್! ಬೇಲೂರಿನಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುವವನ ಕೈಲೇ ಲಕ್ಕಪ್ಪ ಪೇಜು ಮಾಡಿಸಿದ್ದ. ಪಾಪ, ಆ ಪ್ರಿಂಟಿನವನಿಗೆ ಗೊತ್ತಿದ್ದದ್ದು ಅದೊಂದೇ. ಮೇಲೆ ಆಳುದ್ದ ಲಕ್ಕಪ್ಪ, ಕೈ ಮುಗಿದುಕೊಂಡು. ಕೆಳಗೆ 'ಶುಭ ಕೋರುವವರು' ಅಂತ ಮೂವತ್ತು ದುಂಡನೆ ಫೋಟೋ. ಡೈರಿ ಸೆಕ್ರೆಟರಿ, ಲಕ್ಕಪ್ಪನ ಮೂವರು ಭಾವಮೈದಂದಿರು, ಕೂಲಿಂಗ್ ಗ್ಲಾಸ್ ಹಾಕಿದ ಒಂದು ಮಗು. ಹುರಿಹಿಟ್ಟು ಎಲ್ಲೂ ಇಲ್ಲ. ಆರ್ಡರ್ ಬಟನ್ ಆ ಮಗುವಿನ ಕೆಳಗೆ ಅವಿತುಕೊಂಡಿತ್ತು.

"ಜನ ಎಂಟು ಸೆಕೆಂಡ್ ನೋಡ್ತಾರೆ, ರುಕ್ಮಿಣಮ್ಮ. ಎಂಟು ಸೆಕೆಂಡಲ್ಲಿ ನಿಮ್ಮ ಭಾವನ ಮೀಸೆನೇ ದಾಟಕ್ಕಾಗಲ್ಲ."

"ತೆಗೆದ್ರೆ ಬೇಜಾರು ಮಾಡ್ಕತಾರೆ."

"ಯಾರು?"

"ಮೂವತ್ತೊಂದು ಜನಾನೂ."

ಅಷ್ಟರಲ್ಲಿ ಅವರಿಗೊಂದು ಕಾಲ್ ಬಂತು. ಅವರು ಹೇಳಿದ್ದು ಇಷ್ಟೇ: "ಇಲ್ಲ ಕಣವ್ವ, ಹಲ್ಲಿಗೆ ಕಲ್ಲು ಸಿಕ್ಕಲ್ಲ."

"ಏನು ಕೇಳಿದ್ರು?"

"ಎಲ್ಲಾರೂ ಕೇಳೋದೇ. ಹಿಟ್ಟಲ್ಲಿ ಕಲ್ಲು ಇರ್ತದಾ ಅಂತ. ಮೂರು ಸಲ ಮೊರದಲ್ಲಿ ಕೇರಿ, ನೀರಲ್ಲಿ ಜಾಲಿಸಿ, ಆಮೇಲೆ ಹುರಿಯೋದು ನಾವು."

ನನಗೆ ಬೇಕಾದದ್ದು ಸಿಕ್ಕಿತ್ತು. ಶುಕ್ರವಾರ ಬೆಳಗ್ಗೆ ಕೂತೆ. ಒಂದೇ ಫೋಟೋ, ಬಿಸಿ ಹಾಲಿಗೆ ಹುರಿಹಿಟ್ಟು ಕಲಸುತ್ತಿರುವ ರುಕ್ಮಿಣಮ್ಮನ ಕೈ. ಮೇಲೆ ಒಂದೇ ಸಾಲು, 'ಹಲ್ಲಿಗೆ ಕಲ್ಲು ಸಿಕ್ಕಲ್ಲ.' ಕೆಳಗೆ ಒಂದೇ ಹಸಿರು ಬಟನ್, 'ಒಂದು ಕೆಜಿ ಕಳಿಸಿ.' ಒತ್ತಿದರೆ ಹೆಸರು, ಫೋನು, ಊರು. ದುಡ್ಡು ಪ್ಯಾಕೆಟ್ ಬಂದ ಮೇಲೆ. ಮೂವತ್ತೊಂದು ಮುಖ ಡಿಲೀಟ್ ಮಾಡಿದೆ.

ಲಿಂಕು ವಾಟ್ಸಾಪಿನಲ್ಲಿ ಓಡಾಡಿತು. ಸಂಜೆಗೆ ಹದಿನಾಲ್ಕು ಆರ್ಡರ್. ಶನಿವಾರ ಮಧ್ಯಾಹ್ನಕ್ಕೆ ನಲವತ್ತೊಂದು. ಐದು ಗಂಟೆಗೆ ಶೆಡ್ಡಿನಲ್ಲಿ ಇರೋಣ ಅಂತ ಹೊರಟೆ. ಹಳೇಬೀಡಿನಲ್ಲಿ ಲಕ್ಕಪ್ಪ ಯಾರಿಗೋ ಪೇಜು ತೋರಿಸಲು ಫೋನ್ ತೆಗೆದಿದ್ದಾನೆ. ತನ್ನ ಮುಖ ಇಲ್ಲ. ರುಕ್ಮಿಣಮ್ಮನಿಗೆ ಫೋನಲ್ಲೇ ಗದರಿಸಿ ನನ್ನ ಹೆಸರು, ನಂಬರು ತಗೊಂಡಿದ್ದಾನೆ. ತಲೆ ಎತ್ತಿದರೆ ಲ್ಯಾಪ್‌ಟಾಪ್ ತಬ್ಬಿಕೊಂಡು ನಾನು ಮಾದಿಹಳ್ಳಿ ಬಸ್ ಹತ್ತುತ್ತಿದ್ದೆ.

ಮಾದಿಹಳ್ಳಿಯಲ್ಲಿ ಬಸ್ ನಿಲ್ಲುವ ಮೊದಲೇ ಹಾರಿದೆ. ತೆಂಗಿನ ತೋಟಕ್ಕೆ ನುಗ್ಗಿದೆ. ಗರಿ ಎಡವಿದೆ, ಚಪ್ಪಲಿ ಹೋಯಿತು. ಒಂದು ಎಮ್ಮೆ ಅಡ್ಡ ಬಂತು. ನನಗೆ ದಾರಿ ಬಿಟ್ಟಿತು, ಟ್ರ್ಯಾಕ್ಟರಿಗೆ ಬಿಡಲಿಲ್ಲ.

ಶೆಡ್ ಸೇರಿದಾಗ ನಾಲ್ಕು ನಲವತ್ತು. ಆರ್ಡರ್ ನಲವತ್ತೊಂಬತ್ತು.

ಲಕ್ಕಪ್ಪ ಒಳಗೆ ಬಂದ. ಒಂದು ಕೈಲಿ ಮಚ್ಚು, ಇನ್ನೊಂದು ಕೈಲಿ ಬೀಗ.

"ಫೋಟೋ ಹಾಕು."

"ಐದಾಗಲಿ."

"ಈಗ್ಲೇ."

"ಹಾಕಿದ್ರೆ ಆರ್ಡರ್ ನಿಲ್ಲುತ್ತೆ."

"ನನ್ನ ಮುಖ ನೋಡಿದ್ರೆ ನಿಲ್ತದಾ?"

ನಾಲ್ವರು ಹೆಂಗಸರೂ ನೆಲ ನೋಡಿದರು. ಸುಳ್ಳು ಯಾಕೆ ಹೇಳಲಿ, ಅವನನ್ನು ನೋಡಿ ಅಯ್ಯೋ ಅನ್ನಿಸಿತು.

ನಾಲ್ಕು ಐವತ್ತು. ನಲವತ್ತೊಂಬತ್ತು.

ನಾಲ್ಕು ಐವತ್ತೈದು. ನಲವತ್ತೊಂಬತ್ತು...

ರುಕ್ಮಿಣಮ್ಮ ಎದ್ದು, ಇನ್ನು ಮುಗೀತು ಅನ್ನೋ ಹಾಗೆ, ಹುರಿಯುವ ಬಾಣಲೆ ಒಲೆಯಿಂದ ಇಳಿಸಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮಚ್ಚಿಗಲ್ಲ, ಆ ಬಾಣಲೆಗೆ.

ಲಕ್ಕಪ್ಪ ಮಚ್ಚು ಕೆಳಗಿಟ್ಟು ಫೋನ್ ತೆಗೆದ. "ಪೂರ್ತಿ ತೆಗೆದಿರಕ್ಕಿಲ್ಲ ನೀನು. ಒಳಗೆ ಎಲ್ಲೋ ಬಚ್ಚಿಟ್ಟಿದ್ದೀಯ." ಪೇಜನ್ನು ಮೇಲೆ ಎಳೆದ, ಕೆಳಗೆ ಎಳೆದ. ಕೈ, ಹಾಲು, ಹಿಟ್ಟು. ಒತ್ತಲು ಇದ್ದದ್ದು ಒಂದೇ.

"ಇದನ್ನ ಒತ್ತಿದ್ರೆ?"

"ಅದರ ಮೇಲೇ ಬರೆದಿದೆ ಅಣ್ಣ, ಓದಿ."

ಓದಲಿಲ್ಲ. ಯಾರೂ ಓದಲ್ಲ. ಒತ್ತಿದ.

"ನೋಡ್ದಾ, ಹೆಸರು ಕೇಳ್ತಾ ಐತೆ! ಹಾಕಿದ್ರೆ ಫೋಟೋ ಬತ್ತದೆ."

ಒಂದೇ ಬೆರಳಲ್ಲಿ ಹೆಸರು ಕುಟ್ಟಿದ. ಫೋನು ಕುಟ್ಟಿದ. ಊರು ಕುಟ್ಟಿದ. ಮತ್ತೆ ಒತ್ತಿದ.

ನನ್ನ ಲ್ಯಾಪ್‌ಟಾಪ್ ಟಿಣ್ ಅಂತು. ನಾಲ್ಕು ಐವತ್ತೆಂಟು.

ರುಕ್ಮಿಣಮ್ಮ ಬಗ್ಗಿ ಜೋರಾಗಿ ಓದಿದರು. "ಲಕ್ಕಪ್ಪ, ಮಾದಿಹಳ್ಳಿ. ಒಂದು ಕೆಜಿ. ಐವತ್ತಾಯ್ತು, ಭಾವ."

"ಇದು ಲೆಕ್ಕಕ್ಕಿಲ್ಲ."

"ಯಾಕೆ? ನೀವು ನಮ್ಮ ಕಡೆಯೋರಾ?"

ರುಕ್ಮಿಣಮ್ಮ ಕೈ ಚಾಚಿದರು. ಊರವರ ಮುಂದೆ ಆಡಿದ ಮಾತು. ಬೀಗವೂ ಬೀಗದ ಕೈಯೂ ಅವರ ಅಂಗೈಗೆ ಬಂದವು. ಬಾಣಲೆ ಮತ್ತೆ ಒಲೆ ಏರಿತು.

ಅವನು ಮೆಲ್ಲಗೆ ನನ್ನ ಪಕ್ಕ ಬಂದು ನಿಂತ.

"ಇಂದಮ್ಮಾ... ಕ್ಯಾನ್ಸಲ್ ಬಟನ್ ಎಲ್ಲೈತೆ?"

"ನಿಮ್ಮ ಫೋಟೋ ಹೋದ ಕಡೆಗೇ ಹೋಯ್ತು, ಲಕ್ಕಣ್ಣ."