ಹಗ್ಗದ ಇನ್ನರ್ಧ

ತಲೆ ಎತ್ತಿದೆ. ಬದುಕಿಕೊಂಡೆ!

ಮೂರನೇ ಮಹಡಿಯ ಬಾಗಿಲಲ್ಲಿ ಏನೋ ಕಪ್ಪಗೆ ವಾಲಿತು... ಜಾರಿತು... ಬಿತ್ತು!

ಲಿಫ್ಟ್ ಗುಂಡಿಯ ಮೂಲೆಗೆ ಹಾರಿದೆ. ಇಬ್ಬರು ಸೇರಿ ಎತ್ತಬೇಕಾದ ಕಬ್ಬಿಣದ ಗಟ್ಟಿ. ನಾನು ನಿಂತಿದ್ದ ಜಾಗಕ್ಕೇ ಬಂದು ಅಪ್ಪಳಿಸಿತು. ಕಲ್ಲಿನ ಚೂರು ಸಿಡಿದು ಹಣೆ ಸೀಳಿತು.

"ಯಾರದು?" ಕಿರುಚಿದೆ.

ಮೇಲೆ ಹಲಗೆಯ ನೆಲದ ಮೇಲೆ ಓಡುವ ಕಾಲಿನ ಸದ್ದು. ಮಧ್ಯಾಹ್ನದ ಊಟದ ಹೊತ್ತು. ಟೀ ಫ್ಯಾಕ್ಟರಿಯ ಇಂಜಿನ್ ನಿಂತಿತ್ತು. ಒಳಗೆ ಒಬ್ಬ ಆಳೂ ಇರಲಿಲ್ಲ. ಏಣಿ ಹತ್ತಿ ಕಿಟಕಿಗೆ ಓಡುವಷ್ಟರಲ್ಲಿ ಟೀ ಗಿಡಗಳ ನಡುವೆ ಒಂದು ಕಪ್ಪು ಕಾರು ಇಳಿಯುತ್ತಿತ್ತು. ಚಕ್ರ ಹಿಡಿದವನು ಒಮ್ಮೆ ತಿರುಗಿ ನೋಡಿದ.

ಕಾಳ! ಕಂಟ್ರಾಕ್ಟರ್ ಜಯರಾಮನ್‌ನ ಡ್ರೈವರ್. ಬೆಳಿಗ್ಗೆ ನನಗೆ ನಮಸ್ಕಾರ ಹೊಡೆದಿದ್ದ.

ನನ್ನ ಮುಷ್ಟಿ ಇನ್ನೂ ಬಿಗಿಯಾಗಿತ್ತು. ಒಳಗೆ ಗೇಣುದ್ದದ ತಂತಿ ಹಗ್ಗ. ಗುಂಡಿಯಲ್ಲಿ ಸಿಕ್ಕಿದ್ದು. ಹೊರಗೆಲ್ಲ ಗ್ರೀಸ್ ಬಳಿದು ಮಿರಮಿರ ಮಿಂಚುತ್ತಿತ್ತು. ಚಾಕುವಿನಿಂದ ಎಳೆ ಬಿಡಿಸಿದೆ. ಒಳಗೆ ಕೆಂಪು ತುಕ್ಕು. ಊದಿದರೆ ಹಾರಿತು.

ಹೊಸ ಹಗ್ಗವಂತೆ!

ನಾನು ಭೋಜನ್. ಊಟಿ ಹತ್ತಿರದ ಕೆತ್ತಿಯವನು. ಏಳು ವರ್ಷ ಪೊಲೀಸು. ಆಮೇಲೆ ಹನ್ನೆರಡು ವರ್ಷದಿಂದ ಮದರಾಸಿನ ಒಂದು ಇನ್ಶೂರೆನ್ಸ್ ಕಂಪನಿಯ ಇನ್ಕ್ವೈರಿ ಮನುಷ್ಯ. ಸಾವಿರದ ಒಂಬೈನೂರ ಮೂವತ್ನಾಲ್ಕರ ಮಾತಿದು. ಲಿಫ್ಟ್ ಕೂರಿಸುವ ಕಂಟ್ರಾಕ್ಟರುಗಳು ನಮ್ಮಲ್ಲಿ ಹೊಣೆಯ ಪಾಲಿಸಿ ತೆಗೆದುಕೊಳ್ಳುತ್ತಿದ್ದರು. ಅವರು ಕೂರಿಸಿದ ಲಿಫ್ಟಿನಿಂದ ಯಾರಿಗಾದರೂ ಏನಾದರೂ ಆದರೆ, ಅವರ ಬದಲು ಕಂಪನಿ ಪರಿಹಾರ ಕೊಡಬೇಕು. ಕೊಡದೇ ಇರಲು ಒಂದು ಕಾರಣ ಹುಡುಕುವುದು ನನ್ನ ಕೆಲಸ. ಹುಡುಕುವುದರಲ್ಲಿ ನಾನು ಗಟ್ಟಿಗ!

ಈ ಫ್ಯಾಕ್ಟರಿ ಕೋತಗಿರಿಯ ಹತ್ತಿರದ್ದು. ಹಸಿ ಸೊಪ್ಪಿನ ಮೂಟೆಗಳನ್ನು ಬಾಡಿಸುವ ಅಟ್ಟಕ್ಕೆ ಸಾಗಿಸಲು ಜಯರಾಮನ್ ಲಿಫ್ಟ್ ಕೂರಿಸಿದ್ದ. ನಾಲ್ಕು ದಿನದ ಹಿಂದೆ ಅದರ ಹಗ್ಗ ಕಡಿಯಿತು. ಮೂಟೆಗಳ ಜೊತೆ ಒಂದು ಹುಡುಗಿ ಇದ್ದಳು.

ತಂಗಮಣಿ. ಹತ್ತೊಂಬತ್ತು ವರ್ಷ.

ಮೋಟಾರ್ ಸೈಕಲ್ ಏರಿ ಅವಳ ಹಟ್ಟಿಗೆ ಹೋದೆ. ಸಾಲು ಮನೆಗಳ ಕೊನೆಯದು. ತಾಯಿ ಪಾಪಾತಿ ಬಾಗಿಲಲ್ಲೇ ಕೂತಿದ್ದಳು. ತಲೆಗೆ ಬಿಳಿ ಬಟ್ಟೆ. ಗಂಡ ಸತ್ತು ಹತ್ತು ವರ್ಷ. ಇದ್ದದ್ದು ಒಂದೇ ಮಗಳು.

"ಕಂಪನಿಯವನಾ?"

"ಹೌದಕ್ಕಾ. ಭೋಜನ್. ಕೆತ್ತಿಯವನು."

"ನಮ್ಮ ಜನವೇ... ಒಳಗೆ ಬಾ ತಮ್ಮಾ. ಹಣೆಯೆಲ್ಲ ರಕ್ತ."

ಸೆರಗಿನ ಅಂಚು ಹರಿದು ಹಣೆಗೆ ಕಟ್ಟಿದಳು. ಒಲೆಯ ಮೇಲೆ ಬೆಲ್ಲದ ಕಾಪಿ ಇಟ್ಟಳು. ಇನ್ನೂರು ಮನೆಯ ಸಾವಿಗೆ ಹೋದವನು ನಾನು. ಬೈಸಿಕೊಂಡಿದ್ದೇನೆ, ಹೊಡೆಸಿಕೊಂಡಿದ್ದೇನೆ, ನಾಯಿ ಬಿಡಿಸಿಕೊಂಡಿದ್ದೇನೆ. ಗಾಯಕ್ಕೆ ಬಟ್ಟೆ ಕಟ್ಟಿದವರಿಲ್ಲ.

"ಒಂದು ಕೇಳ್ತೀನಿ. ನಿಜ ಹೇಳು."

"ಕೇಳಿ."

"ಎನ್ನ ಕೂಸು ತಕ್ಷಣ ಹೋಯ್ತಾ? ನೋವು ತಿಂತಾ?"

ಡಾಕ್ಟರ ಕಾಗದ ನನ್ನ ಕಿಸೆಯಲ್ಲೇ ಇತ್ತು. ನಲವತ್ತು ನಿಮಿಷ ಎಂದು ಬರೆದಿದ್ದರು.

"ತಕ್ಷಣ ಅಕ್ಕಾ... ಏನಾಯ್ತು ಅಂತ ಗೊತ್ತೇ ಆಗಿರಲ್ಲ."

ಅವಳು ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಅಟ್ಟದ ಮೇಲೆ ಯಾರೋ ಬಿಕ್ಕಿದರು!

ಎದ್ದು ನಿಂತೆ. ಚಾಕು ಕೈಗೆ ಬಂತು. ಪಾಪಾತಿ ನನಗಿಂತ ಮೊದಲೇ ಏಣಿಗೆ ಅಡ್ಡ ನಿಂತಿದ್ದಳು.

"ಮೇಲೆ ಯಾರು?"

"ಎನ್ನ ಮಗ."

"ನಿಮಗೆ ಮಗ ಇಲ್ಲ."

"ಆಗಬೇಕಿದ್ದವನು. ಬರೋ ತಿಂಗಳು ಮದುವೆ ಇತ್ತು."

ಅವನೇ ಇಳಿದು ಬಂದ. ದೇವ! ಜಯರಾಮನ್‌ನ ಮೆಕ್ಯಾನಿಕ್. ಲಿಫ್ಟಿನ ಲಿವರ್ ಹಿಡಿಯುತ್ತಿದ್ದವನು. ಕುಡಿದ ಅಮಲಿನಲ್ಲಿ ಲಿವರ್ ಎಳೆದು ಓಡಿಹೋದ ಎಂದು ಜಯರಾಮನ್ ಪೊಲೀಸಿಗೆ ಬರೆದುಕೊಟ್ಟಿದ್ದ. ನಾಲ್ಕು ದಿನದಿಂದ ಇಡೀ ಬೆಟ್ಟ ಅವನನ್ನು ಹುಡುಕುತ್ತಿತ್ತು. ಸತ್ತವಳ ಮನೆಯ ಅಟ್ಟದಲ್ಲಿ ಯಾರು ಹುಡುಕುತ್ತಾರೆ?

"ನಾನು ಕುಡಿಯಲ್ಲ ಅಣ್ಣಾ," ಎಂದ. "ಆದ್ರೆ ಲಿವರ್ ಎಳೆದಿದ್ದು ನಾನೇ."

"ಆಳು ಹತ್ತಬಾರದು ಅಂತ ಬೋರ್ಡ್ ಹಾಕಿದೆ. ನೋಡಿದೆ."

"ಬೋರ್ಡ್ ಇಂಗ್ಲಿಷಲ್ಲಿದೆ. ಮೂಟೆ ಜಾರದ ಹಾಗೆ ಹಿಡಿಯೋಕೆ ಒಬ್ರು ಹತ್ತಲೇಬೇಕು ಅಂತ ಮೇಸ್ತ್ರಿ ಹೇಳಿದ್ದು ತಮಿಳಲ್ಲಿ."

"ಅವಳಿಗೆ ನೀನಾದ್ರೂ ಹೇಳಬಾರದಿತ್ತಾ?"

"ದಿನಾ ಹೇಳ್ತಿದ್ದೆ. ನಗ್ತಿದ್ಲು. 'ಕೆಳಗೆ ಲಿವರ್ ಹಿಡಿದಿರೋದು ನೀ. ಎನಗೇನು ಭಯ?' ಅಂತಿದ್ಲು."

ಪಾಪಾತಿ ಗೋಡೆಯ ಕಡೆ ತಿರುಗಿದಳು.

ದೇವ ಅಂಗಿಯೊಳಗಿಂದ ಒಂದು ನೋಟ್ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟ. ವಾರಕ್ಕೊಮ್ಮೆ ಹಗ್ಗ ನೋಡಿ ಬರೆದದ್ದು. ತಮಿಳಿನಲ್ಲಿ, ಗುಂಡು ಗುಂಡಗಿನ ಅಕ್ಷರ. ಮೂರು ಎಳೆ ಕಡಿದಿದೆ. ಐದು ಎಳೆ. ಒಂಬತ್ತು ಎಳೆ, ಹಗ್ಗ ಬದಲಿಸಲೇಬೇಕು. ಪ್ರತಿ ಪುಟದ ಕೆಳಗೂ 'ನೋಡಿದೆ' ಎಂದು ಜಯರಾಮನ್‌ನ ರುಜು!

"ಯಾವುದೋ ಗಣಿಯಲ್ಲಿ ತಳ್ಳಿಹಾಕಿದ ಹಗ್ಗ ಅಣ್ಣಾ. ಗ್ರೀಸ್ ಬಳಿದು ಹೊಸದು ಅಂತ ಹಾಕ್ಸಿದ್ರು. ಕೇಳಿದಾಗೆಲ್ಲ 'ನಾಳೆ ಮದರಾಸಿಂದ ಬರುತ್ತೆ' ಅನ್ನೋರು."

ಹೊರಗೆ ಕಾರಿನ ಬಾಗಿಲು ದಢಾರ್ ಎಂದಿತು.

ಜಯರಾಮನ್ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಮರ್ಯಾದಸ್ಥ! ಹಿಂದೆ ಕಾಳ. ಅವನ ಕೈಯಲ್ಲಿ ಜೋಡಿ ನಳಿಗೆಯ ಬಂದೂಕು.

"ಭೋಜನ್ ಸಾರ್, ಕಾಳ ಸ್ವಲ್ಪ ಅವಸರ ಮಾಡಿಬಿಟ್ಟ. ಮನಸ್ಸಿಗೆ ಹಚ್ಕೋಬೇಡಿ."

"ಹಣೆಗೆ ಹಚ್ಚಿದಾನೆ. ಏನು ಬೇಕು?"

"ಆ ಪುಸ್ತಕ. ನನಗೆ ಕೊಡೋದೂ ಬೇಡ. ಆ ಒಲೆಗೆ ಹಾಕಿ." ಅವನ ದನಿ ಬೆಣ್ಣೆ. "ಪುಸ್ತಕ ಇಲ್ಲ ಅಂದ್ರೆ ಇದು ಆಕಸ್ಮಿಕ. ನಿಮ್ಮ ಕಂಪನಿ ಈ ತಾಯಿಗೆ ಪರಿಹಾರ ಕೊಡಲೇಬೇಕು. ಪುಸ್ತಕ ಮದರಾಸಿಗೆ ಹೋಯ್ತು ಅನ್ನಿ... ಗೊತ್ತಿದ್ದೂ ಮುಚ್ಚಿಟ್ಟ ಅಂತ ನನ್ನ ಪಾಲಿಸಿ ರದ್ದು. ಆಗ ಈಯಮ್ಮ ಯಾರನ್ನ ಕೇಳ್ತಾಳೆ? ಫ್ಯಾಕ್ಟರಿಯವರು ಬೋರ್ಡ್ ತೋರಿಸ್ತಾರೆ. ನನ್ನ ಮನೆ ಹೆಂಡತಿ ಹೆಸರಲ್ಲಿ. ಈ ಕಾರು ಮಾವನ ಹೆಸರಲ್ಲಿ."

ಅಯೋಗ್ಯ! ಆದರೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಷರತ್ತು ನನಗೆ ಬಾಯಿಪಾಠ. ಹನ್ನೆರಡು ವರ್ಷ ಅದನ್ನು ಹಿಡಿದು ಎಷ್ಟು ಮನೆಗೆ ಇಲ್ಲ ಎಂದು ಬರೆದಿದ್ದೇನೋ... ಮೊದಲ ಸಲ ಅದನ್ನು ಮುರಿಯಬೇಕು ಅನ್ನಿಸಿತು. ಒಲೆ ಎರಡು ಮಾರು ದೂರ. ನಿಮ್ಮ ಹತ್ತಿರ ಮುಚ್ಚಿಡುವುದೇನು? ಪುಸ್ತಕ ಹಿಡಿದ ನನ್ನ ಕೈ ಅತ್ತ ಚಾಚಿತ್ತು.

"ಅಣ್ಣಾ... ಕೊನೇ ಪುಟ ನೋಡಿ."

ನೋಡಿದೆ. ಊಟಿಯ ಒಂದು ದೊಡ್ಡ ಹೋಟೆಲಿನ ಹೆಸರು. ಕರೆಂಟಿನ ಲಿಫ್ಟ್. ಇದು ಜನ ಹತ್ತುವ ಲಿಫ್ಟ್. ಅದೇ ಹಗ್ಗದ ಇನ್ನರ್ಧ. ಹನ್ನೊಂದು ಎಳೆ ಕಡಿದಿದೆ.

"ಅದನ್ನ ನಾಳೆನೇ ಬದಲಿಸ್ತೀನಿ!" ಎಂದ ಜಯರಾಮನ್.

"ಇದನ್ನೂ ನಾಳೆ ಅಂದಿದ್ರಿ," ಎಂದ ದೇವ.

ಪಾಪಾತಿ ಮೆಲ್ಲಗೆ ತಿರುಗಿದಳು. "ಅದರಲ್ಲಿ ಯಾರು ಹತ್ತಾರೆ?"

"ದೊಡ್ಡ ದೊಡ್ಡ ದೊರೆಗಳಮ್ಮ. ನಿನಗ್ಯಾಕೆ..."

"ಆಯಾಗಳು ಹತ್ತಾರೆ ಅವ್ವೆ," ಎಂದ ದೇವ. "ದೊರೆಗಳ ಮಕ್ಕಳನ್ನ ಎತ್ಕೊಂಡು. ನಮ್ಮ ಹುಡುಗಿಯರೇ."

ಅವಳು ಒಲೆ ನೋಡಿದಳು. ನನ್ನ ಕೈ ನೋಡಿದಳು.

"ತಮ್ಮಾ, ಹೋಗು."

"ಅಕ್ಕಾ, ಈ ಪುಸ್ತಕ ಹೊರಗೆ ಹೋದ್ರೆ ನಿಮಗೆ ಏನೂ ಸಿಗಲ್ಲ. ಏನೂ!"

"ಕೇಳಿಸ್ತು. ಎನಗೆ ಕಿವಿ ಇದೆ."

ಹಾಗೆಂದವಳೇ ಕುದಿಯುವ ಕಾಪಿಯನ್ನು ಪಾತ್ರೆ ಸಮೇತ ಕಾಳನ ಮುಖಕ್ಕೆ ಎರಚಿದಳು!

ಬಂದೂಕು ಹಾರಿತು. ಮಾಡಿನ ಹೆಂಚು ಪುಡಿಪುಡಿ. ಜಯರಾಮನ್‌ನ ಹೊಟ್ಟೆಗೆ ನನ್ನ ಮೊಣಕಾಲು. ದೇವನ ರಟ್ಟೆ ಹಿಡಿದು ಓಡಿ, ಅವನನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ ಬಿಟ್ಟೆ. ಅವರಿಗೆ ಬೇಕಾದದ್ದು ಪುಸ್ತಕ. ಪಾಪಾತಿಯನ್ನು ಬಿಟ್ಟು ನಮ್ಮ ಹಿಂದೆಯೇ ಬರುತ್ತಾರೆಂದು ಗೊತ್ತಿತ್ತು. ಬಂದರು!

ಊಟಿಯ ರಸ್ತೆ. ತಿರುವಿನ ಮೇಲೆ ತಿರುವು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಮಂಜು ಬಂತು. ಹಿಂದೆ ಕಾರಿನ ಹಾರನ್. ಢಂ! ತಲೆಯ ಪಕ್ಕದ ಮರದ ತೊಗಟೆ ಹಾರಿತು.

"ಬಗ್ಗೋ!"

ಎದುರಿಗೆ ಅಕ್ಕಪಕ್ಕ ಎರಡು ಎತ್ತಿನ ಗಾಡಿಗಳು. ಆಲೂಗಡ್ಡೆಯ ಮೂಟೆ. ನಡುವೆ ಮೂರಡಿ ಸಂದು. ಕಣ್ಣು ಮುಚ್ಚಿ ನುಗ್ಗಿಸಿದೆ. ಮೊಣಕೈಯ ಚರ್ಮ ಗಾಡಿಯ ಚಕ್ರಕ್ಕೆ ಹೋಯಿತು. ನಾವು ಆಚೆಗೆ! ಹಿಂದೆ ಬ್ರೇಕಿನ ಕಿರುಚಾಟ... ಗಾಡಿಯವರ ಬೈಗುಳ... ತಿರುಗಿ ನೋಡಿದರೆ ಕಾರು ಚರಂಡಿಗೆ ಮೂಗು ತೂರಿಸಿ ನಿಂತಿತ್ತು. ಮಾವನ ಕಾರು, ಪಾಪ.

ಒಂದು ಮೈಲಿ ಹೋದಮೇಲೆ ವೇಗ ಇಳಿಸಿದೆ.

"ಅವ್ವೆಗೆ ಸುಳ್ಳು ಹೇಳಿದ್ರಿ," ಎಂದ ದೇವ ಹಿಂದಿನಿಂದ.

"ಹೂಂ."

"ಒಳ್ಳೇದೇ ಆಯ್ತು. ನಾನು ಪಕ್ಕದಲ್ಲೇ ಇದ್ದೆ ಅಣ್ಣಾ. ನಲವತ್ತು ನಿಮಿಷವೂ. 'ನಿನ್ನ ತಪ್ಪಿಲ್ಲ, ನಿನ್ನ ತಪ್ಪಿಲ್ಲ' ಅಂತಾನೇ ಇದ್ಲು. ಬೇರೆ ಏನೂ ಹೇಳಲಿಲ್ಲ."

ನಾನು ಗೇರ್ ಬದಲಿಸಿದೆ. ಬದಲಿಸುವ ಅಗತ್ಯ ಇರಲಿಲ್ಲ.

ಹೋಟೆಲಿನ ಮ್ಯಾನೇಜರ್ ನನ್ನ ಹಣೆಯ ರಕ್ತದ ಬಟ್ಟೆ ನೋಡಿ ಮೂಗು ಮುರಿದ. ಲಿಫ್ಟ್ ನಿಲ್ಲಿಸಿ ಎಂದೆ. ನಕ್ಕ.

"ಸರ್ಟಿಫಿಕೇಟ್ ಗೋಡೆಯ ಮೇಲಿದೆ, ನೋಡು."

"ಕೊಟ್ಟವನು ಯಾರು?"

"ಜಯರಾಮನ್ ಅವರು."

ಪುಸ್ತಕ ಅವನ ಮುಂದೆ ಎಸೆದೆ. ಎರಡು ಬೆರಳಿನಲ್ಲಿ ಎತ್ತಿದ. "ಇದು ತಮಿಳು. ನನಗೆ ತಮಿಳು ಅರ್ಥವಾಗಲ್ಲ."

ಆಗಲೇ ಮಗುವನ್ನು ಎತ್ತಿಕೊಂಡ ಒಬ್ಬ ಆಯಾ ಲಿಫ್ಟಿಗೆ ಹತ್ತಿದಳು. ಬಾಗಿಲು ಮುಚ್ಚಿತು. ಲಿಫ್ಟ್ ಮೇಲಕ್ಕೆ ಹೊರಟಿತು!

ಪಕ್ಕಕ್ಕೆ ನೋಡಿದೆ. ದೇವ ಇಲ್ಲ. ಅವನು ಮೆಟ್ಟಿಲು ಹತ್ತಿ ಓಡಿದ್ದ.

ಟಣ್!

ಮೇಲಿನಿಂದ ಬಂತು ಸದ್ದು. ವೀಣೆಯ ತಂತಿ ಕಡಿದ ಹಾಗೆ. ಮತ್ತೆ... ಟಣ್!

ಒಂದೊಂದು ನೆಗೆತಕ್ಕೆ ಮೂರು ಮೆಟ್ಟಿಲು ಹಾರಿ ಏರಿದೆ. ದೇವ ಮೇಲಿನ ಮೋಟಾರ್ ಕೋಣೆಯಲ್ಲಿ ಕರೆಂಟ್ ತೆಗೆದು ಆಗಲೇ ಕೆಳಗಿಳಿದಿದ್ದ. ಲಿಫ್ಟಿನ ಪೆಟ್ಟಿಗೆ ಎರಡು ಮಹಡಿಗಳ ನಡುವೆ ನಿಂತಿತ್ತು. ಅರ್ಧ ಮಾತ್ರ ಕಾಣುತ್ತಿತ್ತು. ಬಾಗಿಲನ್ನು ಕೈಯಿಂದಲೇ ಸರಿಸಿ, ಅವನು ಹೊಟ್ಟೆಯ ಮೇಲೆ ಮಲಗಿ ಒಳಗೆ ಎರಡೂ ಕೈ ಚಾಚಿದ್ದ.

"ಮಗು ಕೊಡಮ್ಮಾ... ಮೇಲೆ ನೋಡಬೇಡ... ನನ್ನನ್ನೇ ನೋಡು..."

ಟಣ್! ಟಣ್!

ಮಗು ನನ್ನ ಕೈಗೆ ಬಂತು. ಆಯಾ ಅಳುತ್ತಿದ್ದಳು. ಕಾಲು ಕೀಳಲಾಗುತ್ತಿರಲಿಲ್ಲ. ದೇವ ಸೊಂಟದವರೆಗೂ ಒಳಗೆ ಬಾಗಿದ. ಮಗುವನ್ನು ಗೋಡೆಯ ಪಕ್ಕ ಕೂರಿಸಿ ನಾನು ಅವನ ಕಾಲು ಹಿಡಿದೆ.

"ನನ್ನ ಕೈ ಹಿಡ್ಕೋ ತಂಗೀ! ಈ ಸಲ ಬಿಡಲ್ಲ!"

ಎಳೆದೆವು. ಅವಳು ನಮ್ಮಿಬ್ಬರ ಮೇಲೆ ಬಿದ್ದಳು. ಹಗ್ಗ ಕಡಿಯಿತು. ಖಾಲಿ ಪೆಟ್ಟಿಗೆ ಕೆಳಗೆ ಹೋಗಿ ಅಪ್ಪಳಿಸಿದ ಸದ್ದಿಗೆ ಹೋಟೆಲಿನ ಗಾಜುಗಳೆಲ್ಲ ಗಲಗಲ ಎಂದವು.

ಮೆಟ್ಟಿಲಿನಲ್ಲಿ ಮ್ಯಾನೇಜರ್ ಸುಣ್ಣದ ಹಾಗೆ ನಿಂತಿದ್ದ.

"ಈಗ ತಮಿಳು ಅರ್ಥವಾಯ್ತಾ ಸಾರ್?" ಎಂದೆ.

ದೇವ ನೆಲದ ಮೇಲೆ ಕೂತು, ಆ ಆಯಾಳ ಮುಂಗೈ ಹಿಡಿದುಕೊಂಡೇ ಇದ್ದ. ಬಿಡಿಸಲು ನನಗೆ ಸಾಕಾಗಿಹೋಯಿತು.

ಸುಖಾಂತ್ಯ ಅಂದುಕೊಂಡಿರಾ?

ಜಯರಾಮನ್‌ಗೆ ಜಾಮೀನು ಸಿಕ್ಕಿತು. ಸಿಕ್ಕ ವಾರಕ್ಕೆ ಸಿಲೋನಿಗೆ ಹಾರಿದ. ಕಾಳನಿಗೆ ಬಂದೂಕಿನ ಕೇಸು. ಪಾಲಿಸಿ ರದ್ದಾಯಿತು. ಫ್ಯಾಕ್ಟರಿಯವರು ಇಂಗ್ಲಿಷ್ ಬೋರ್ಡ್ ತೋರಿಸಿದರು. ಕೋರ್ಟಿನಲ್ಲಿ ಪುಸ್ತಕ ಓದಿದರು. ಜಯರಾಮನ್‌ಗೆ ಗೊತ್ತಿತ್ತು ಎಂದು ಅದು ಹೇಳಿತು. ಜೊತೆಗೆ, ಗೊತ್ತಿದ್ದೂ ಲಿವರ್ ಎಳೆದವನು ಇನ್ನೊಬ್ಬ ಎಂದೂ ಹೇಳಿತು. ಕಟಕಟೆಯಲ್ಲಿ ಸಿಕ್ಕವನು ದೇವನೊಬ್ಬನೇ. ಊಟಿಯಲ್ಲಿ ಎರಡು ಜೀವ ಉಳಿಸಿದ್ದಕ್ಕೆ ಶಿಕ್ಷೆ ಕಡಿಮೆ ಮಾಡಿದರಂತೆ. ಒಂದು ವರ್ಷ!

ಕೊಯಮತ್ತೂರು ಜೈಲಿಗೆ ಕರೆದೊಯ್ಯುವಾಗ ಕೇಳಿದೆ. "ಪುಸ್ತಕ ಕೊಡುವಾಗ ಇದು ಗೊತ್ತಿತ್ತೇನೋ?"

"ಬರೆದವನು ನಾನೇ ಅಲ್ವಾ ಅಣ್ಣಾ," ಎಂದ.

ಪಾಪಾತಿ ಮತ್ತೆ ಅದೇ ಫ್ಯಾಕ್ಟರಿಯ ಅಟ್ಟದಲ್ಲಿ ಸೊಪ್ಪು ಹರಡುವ ಕೆಲಸಕ್ಕೆ ಸೇರಿದಳು. ಹೊಟ್ಟೆ ಕೇಳಬೇಕಲ್ಲ. ಲಿಫ್ಟ್ ತೆಗೆದುಹಾಕಿದ್ದರು. ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ತಿಂಗಳಿಗೊಮ್ಮೆ ರಾಗಿ ಹಿಟ್ಟು ಕಟ್ಟಿಕೊಂಡು ಬೆಟ್ಟ ಇಳಿದು ಜೈಲಿಗೆ ಹೋಗುತ್ತಿದ್ದಳು. ಜೊತೆಗೆ ನಾನು. ಬಾಗಿಲಲ್ಲಿ ಪೇದೆ, ಕೈದಿ ಏನಾಗಬೇಕು ಎಂದು ಕೇಳುತ್ತಿದ್ದ.

"ಮಗ," ಎನ್ನುತ್ತಿದ್ದಳು. ಅಷ್ಟೇ.

ಆ ವರ್ಷದ ಕೊನೆಯಲ್ಲಿ ಕಂಪನಿಯವರು ನನ್ನನ್ನು ಹೊಗಳಿ ಕಾಗದ ಬರೆದರು. ಬಡ್ತಿಯನ್ನೂ ಕೊಟ್ಟರು. ಜೊತೆಗೆ ತಂಗಮಣಿಯ ಫೈಲು ಮುಚ್ಚಲು ಒಂದು ಫಾರಂ. ಟೈಪ್ ಮಾಡಿದ್ದು ಒಂದೇ ಸಾಲು.

'ಈ ಪ್ರಕರಣದಲ್ಲಿ ನಷ್ಟ ಏನೂ ಇಲ್ಲ.'

ಕೆಳಗೆ ನಾನೇ ರುಜು ಹಾಕಿದೆ.